ಡಾಕ್ಟರ್ ಹೇಳಿದ ಉಳಿದರ್ಧ

ಹೂಟಗಳ್ಳಿ, ಮೈಸೂರು
14 ಜೂನ್ 2024

ಬಾವ,

ಆಸ್ಪತ್ರೆಯಲ್ಲಿ ಒಂದು ಪೈಪು ನನ್ನ ಮೂಗಿನೊಳಕ್ಕೆ ಹೋಯಿತು. ದಂಟಿನ ಬೇರಿನಷ್ಟು ಸಣ್ಣದು, ತುದಿಯಲ್ಲಿ ಒಂದು ದೀಪ. ಡಾಕ್ಟರಮ್ಮ ಟೀವಿಯನ್ನು ನನ್ನ ಕಡೆ ತಿರುಗಿಸಿ, ಇದೇ ನಿಮ್ಮ ಗಂಟಲು ನೋಡಿ ಅಂದರು. ನೋಡಿದೆ. ಇಷ್ಟು ವರ್ಷ ಇದನ್ನೇ ಬಂಡವಾಳ ಮಾಡಿಕೊಂಡು ವಿಜಯನಗರದ ಬೀದಿ ಬೀದಿಯಲ್ಲಿ ಸೊಪ್ಪು ಮಾರಿದ್ದೀನಿ, ಒಂದು ದಿನವೂ ಇದರ ಮುಖ ನೋಡಿರಲಿಲ್ಲ. ಕೆಂಪಗೆ ಊದಿಕೊಂಡು, ನಮ್ಮಕ್ಕನಿಗೆ ತಾಳಿ ಕಟ್ಟುವಾಗ ನಿಮ್ಮ ಮುಖ ಇತ್ತಲ್ಲ, ಥೇಟ್ ಹಾಗೇ ಇತ್ತು.

ಹೆದರಿದ್ದೆ ಬಾವ, ಸುಳ್ಳು ಯಾಕೆ ಹೇಳಲಿ. ಹೋದ ದೀಪಾವಳಿಯಿಂದ ಗಂಟಲಲ್ಲಿ ಏನೋ ಕೂತಿದೆ. ನುಂಗಿದರೆ ಇಳಿಯಲ್ಲ, ಕ್ಯಾಕರಿಸಿದರೆ ಬರಲ್ಲ. ಬೆಳಿಗ್ಗೆ ಎದ್ದರೆ ಬಚ್ಚಲಲ್ಲಿ ಬರೀ ಕಫ. ದಂಟು, ಕೀರೆ, ಸಬ್ಬಸಿಗೆ ಅಂತ ಕೂಗುವುದಕ್ಕೆ ಮುಂಚೆ ಗಾಡಿ ನಿಲ್ಲಿಸಿ ಕ್ಯಾಕರಿಸಲೇಬೇಕು. ಮೂರನೇ ಕ್ರಾಸಿನ ಒಬ್ಬರು ಅಮ್ಮ ಗೇಟಿನಿಂದಲೇ, "ಸೊಪ್ಪು ಆಮೇಲ್ ಮಾರೀಯಂತೆ, ಮೊದ್ಲು ಆಸ್ಪತ್ರೆಗೆ ಹೋಗಪ್ಪ" ಅಂದುಬಿಟ್ಟರು. ಕಾಯಿಲೆಗೆ ಹೆದರಿ ಹೋದವನಲ್ಲ ನಾನು, ಗಿರಾಕಿ ತಪ್ಪುತ್ತೆ ಅಂತ ಹೋದೆ.

ನನ್ನದು ಗಂಟಲ ಕಾಯಿಲೆಯೇ ಅಲ್ಲವಂತೆ. ಹೊಟ್ಟೆಯ ಹುಳಿ ಮೇಲಕ್ಕೆ ಬರುತ್ತಂತೆ. ಉಂಡ ತಕ್ಷಣ ಮಲಗಿದರೆ ಅದು ಸಲೀಸಾಗಿ ಗಂಟಲವರೆಗೂ ಬಂದು ಸುಡುತ್ತಂತೆ. ಪಾಪ ಗಂಟಲು, ಸುಟ್ಟುಕೊಂಡಿದ್ದಕ್ಕೆ ಲೋಳೆಯನ್ನು ಕಂಬಳಿ ಥರ ಹೊದ್ದುಕೊಳ್ಳುತ್ತೆ. ನಾನು ಕ್ಯಾಕರಿಸಿ ಕ್ಯಾಕರಿಸಿ ಆ ಕಂಬಳಿ ಕಿತ್ತು ಬಿಸಾಡಿದರೆ ಅದು ಇನ್ನೊಂದು ಹೊದ್ದುಕೊಳ್ಳುತ್ತೆ. ಅದಕ್ಕೆ ಕ್ಯಾಕರಿಸಲೇಬಾರದು, ಹಾಗೆ ಅನಿಸಿದಾಗ ಒಂದು ಗುಟುಕು ನೀರು ಕುಡಿದು ನುಂಗಬೇಕು ಅಂದರು. ಮಲಗುವುದಕ್ಕೆ ಮೂರು ಗಂಟೆ ಮುಂಚೆ ಊಟ ಮುಗಿಸಬೇಕು. ಖಾಲಿ ಹೊಟ್ಟೆಗೆ ಕಾಫಿ ಬೇಡ, ಖಾರ ಕಮ್ಮಿ, ಬೀಡಿ, ಎಲೆ ಅಡಿಕೆ ಎರಡೂ ಬಂದ್. ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಮಾತ್ರೆ. ಮಂಚದ ತಲೆ ಕಡೆ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಬೇಕು. ಮಾಡಿದ್ದೀನಿ. ನಾನು ಹೇಗೋ ಹಿಡಿದುಕೊಂಡು ಮಲಗುತ್ತೀನಿ, ಪುಟ್ಟತಾಯಿ ಮಾತ್ರ ಬೆಳಗಾಗುವುದರೊಳಗೆ ಜಾರಿ ಜಾರಿ ಕಾಲ ಕಡೆ ಸೇರಿಕೊಂಡಿರುತ್ತಾಳೆ.

ಇನ್ನೂ ಏನೋ ಹೇಳಿದರು. ಇಂಥದ್ದು ಕಂಡರೆ ತಡ ಮಾಡಬಾರದು, ಇಂಥದ್ದು ಆದರೆ ಓಡಿ ಬರಬೇಕು ಅಂತ. ಅದೆಲ್ಲ ಕೆಟ್ಟ ಗಂಟಲಿನವರಿಗೆ. ನನ್ನದು ಒಳ್ಳೇ ಗಂಟಲು ಅಂತ ಅವರೇ ಹೇಳಿದ ಮೇಲೆ ಅದನ್ನೆಲ್ಲ ಬರೆದು ಹಾಳೆ ಯಾಕೆ ದಂಡ.

ಸದ್ಯಕ್ಕೆ ನಾನು ಹೆಚ್ಚು ಮಾತಾಡುವ ಹಾಗಿಲ್ಲ, ನಿಮಗೆ ಮೊದಲೇ ಕಿವಿ ಕೇಳಲ್ಲ. ಇಬ್ಬರೂ ಫೋನು ಹಿಡಿದುಕೊಂಡರೆ ಟವರಿನವನಿಗೆ ಮಾತ್ರ ಲಾಭ. ಅದಕ್ಕೆ ಈ ಕಾಗದ. ಐದನೇ ಕ್ಲಾಸಿನ ನನ್ನ ಅಕ್ಷರವನ್ನು ಪವಿತ್ರ ತಿದ್ದಿ ಕೊಡುತ್ತಾಳೆ. ಮಗಳ ಕೈಲಿ ಕಾಪಿ ತಿದ್ದಿಸಿಕೊಳ್ಳುವ ಅಪ್ಪ ನಾನೊಬ್ಬನೇ ಇರಬೇಕು.

ನಿಮ್ಮ ಬಾಮೈದ,
ಚೆಲುವರಾಜು


ಊಟಿ
29 ಜೂನ್ 2024

ಚೆಲುವ,

ಕಾಗದ ಬಂತು. ನಿನ್ನ ಗಂಟಲಿಗೆ ಕೇಡಿಲ್ಲ ಅಂತ ಓದಿ ಸಮಾಧಾನ ಆಯಿತು. ನಿನ್ನ ಕೂಗಿಲ್ಲದೆ ಮೈಸೂರಿಗೆ ಮೈಸೂರೇ ನೆಮ್ಮದಿಯಾಗಿ ಇರಬಹುದಿತ್ತು, ಅದರ ಹಣೆಬರಹ.

ನನಗೂ ಸುಮಾರು ದಿನದಿಂದ ಹಾಗೇ ಇದೆ. ಕಫ ನಿಲ್ಲುತ್ತಿಲ್ಲ, ಗಂಟಲಲ್ಲಿ ಏನೋ ಅಡ್ಡ. ಈ ಊರಿನ ಚಳಿಗೆ ಅಂದುಕೊಂಡಿದ್ದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಮ್ಮುವ ಹಾಗಿಲ್ಲ. ಮಕ್ಕಳು ಉಣ್ಣುವ ಜಾಗ, ಹಿಂದೆ ಒಬ್ಬ ಕೆಮ್ಮುತ್ತಾನೆ ಅಂತ ಮ್ಯಾನೇಜರು ಲೆಕ್ಕ ಚುಕ್ತಾ ಮಾಡಿ ಕಳಿಸಿದ್ದರು. ಕೆಮ್ಮು ಬಂದರೆ ನಾನು ಸೌದೆ ಕೊಟ್ಟಿಗೆಗೆ ಹೋಗಿ ಕೆಮ್ಮಿ ಬರುತ್ತೇನೆ. ಅವರು ನಾನು ಬೀಡಿಗೆ ಹೋಗುತ್ತೇನೆ ಅಂದುಕೊಂಡಿದ್ದಾರೆ. ಬೀಡಿ ಅಂದರೆ ಅವರಿಗೆ ಅಭ್ಯಂತರ ಇಲ್ಲ.

ನಿನ್ನ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ನಾನೂ ಶುರು ಮಾಡಿದ್ದೇನೆ. ಮಂಚಕ್ಕೆ ಇಟ್ಟಿಗೆ ಕೊಟ್ಟೆ. ಎರಡು ವಿಷಯ ಕೇಳಬೇಕಿತ್ತು. ಮುದ್ದೆ ನುಂಗುವಾಗ ನಿನಗೂ ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತಾ? ಆಗ ಕಿವಿಗೆ ಚಳಕು ಹೊಡೆಯುತ್ತಿತ್ತಾ? ಬರೆ.

ಲಿಂಗರಾಜು


ಹೂಟಗಳ್ಳಿ
10 ಜುಲೈ 2024

ಬಾವ,

ಮುದ್ದೆ ನಿಲ್ಲುತ್ತಾ ಅಂತ ಕೇಳಿದ್ದೀರಿ. ನೀವು ತೊಳಸಿದ ಮುದ್ದೆಯಾದರೆ ಯಾರ ಗಂಟಲಲ್ಲಾದರೂ ನಿಲ್ಲುತ್ತೆ. ನಮ್ಮಕ್ಕ ಇದ್ದಾಗ ಒಲೆ ಮುಂದೆ ನಿಮ್ಮನ್ನು ಬಿಡುತ್ತಿರಲಿಲ್ಲ, ಪಾಪ ಆ ಊಟಿ ಮಕ್ಕಳಿಗೆ ಯಾರು ದಿಕ್ಕು. ಇನ್ನು ಕಿವಿ. ಕೇಳಿಸುವ ಕೆಲಸವಂತೂ ಮಾಡಲ್ಲ, ನೋಯುವ ಕೆಲಸವನ್ನಾದರೂ ಮಾಡಲಿ ಬಿಡಿ.

ಈ ಕಾಗದದ ಜೊತೆ ನನ್ನ ಮಾತ್ರೆಯ ಒಂದು ಶೀಟು ಇಟ್ಟಿದ್ದೀನಿ. ಖಾಲಿ ಹೊಟ್ಟೆಗೆ ಒಂದು. ನನಗೆ ಅದರಿಂದ ಎದೆ ಉರಿ ಪೂರಾ ಹೋಯಿತು, ಕಫವೂ ಇಳಿಯುತ್ತಾ ಇದೆ. ಡಾಕ್ಟರಮ್ಮ ಒಂದೇ ವಾರಕ್ಕೆ ಗುಣ ಕೇಳಬೇಡಿ, ಎರಡು ಮೂರು ತಿಂಗಳಾಗುತ್ತೆ ಅಂದಿದ್ದಾರೆ. ಅದಕ್ಕೆ ನೀವೂ ಅವಸರ ಪಡಬೇಡಿ.

ಇಲ್ಲಿ ಒಂದು ಮಜಾ ಆಯಿತು. ಡಾಕ್ಟರಮ್ಮ ಕೂಗಲೂಬಾರದು ಅಂದಿದ್ದಕ್ಕೆ, ಪವಿತ್ರ ನನ್ನ ಕೂಗನ್ನು ಮೈಕಿನ ಡಬ್ಬಕ್ಕೆ ತುಂಬಿಸಿಕೊಟ್ಟಳು. ಗಾಡಿಗೆ ಕಟ್ಟಿ ಗುಂಡಿ ಒತ್ತಿದರೆ ಅದೇ ಕೂಗುತ್ತೆ. ಆದರೆ ತುಂಬಿಸುವಾಗ ಕೊನೆಯಲ್ಲಿ ತಡೆಯಲಾರದೆ ಒಂದು ಸಲ ಕ್ಯಾಕರಿಸಿದ್ದೆ, ಅದೂ ಒಳಗೆ ಹೋಗಿಬಿಟ್ಟಿದೆ. ಈಗ ವಿಜಯನಗರದ ತುಂಬ ದಂಟು, ಕೀರೆ, ಸಬ್ಬಸಿಗೆ, ಆಮೇಲೆ ಒಂದು ಕ್ಯಾಕರಿಕೆ. ಹುಡುಗರು ಬಾಲ್ಕನಿಯಲ್ಲಿ ನಿಂತು ಕಾಯುತ್ತಾರೆ, ಸರಿಯಾಗಿ ಆ ಜಾಗಕ್ಕೆ ಅವರೂ ಕ್ಯಾಕರಿಸುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಗಾಡಿ ತಳ್ಳುತ್ತೀನಿ. ಪುಟ್ಟತಾಯಿ, "ಈ ಡಬ್ಬ ಮದ್ವೆ ಟೈಮಲ್ಲೇ ಸಿಕ್ಕಿದ್ರೆ ಮನೇಲಿ ನೀವು ಬಾಯ್ ಬುಡೋದೇ ಇರ್ತಿರ್ಲಿಲ್ಲ" ಅಂತಾಳೆ.

ಚೆಲುವರಾಜು


ಊಟಿ
18 ಆಗಸ್ಟ್ 2024

ಚೆಲುವ,

ಮಾತ್ರೆ ತೆಗೆದುಕೊಂಡೆ. ಹೊಟ್ಟೆ ಉರಿ ಕಮ್ಮಿಯಾಯಿತು. ಹಾಗಾದರೆ ನನ್ನದೂ ನಿನ್ನದೇ ಇರಬೇಕು ಅಂತ ಧೈರ್ಯ ಬಂತು. ಆದರೆ ಗಂಟಲು ಹಾಗೇ ಇದೆ. ದನಿ ಒಡೆದಿದೆ. ನನಗೆ ನನ್ನ ದನಿ ಕೇಳಲ್ಲ, ತರಕಾರಿ ಹೆಚ್ಚುವ ಮಹದೇವ ಕೈ ಸನ್ನೆಯಲ್ಲಿ ಹೇಳಿದ.

ಇನ್ನೊಂದು. ಕತ್ತಿನ ಎಡಗಡೆ ಒಂದು ಹುಣಸೆಬೀಜ ಹುಟ್ಟಿಕೊಂಡಿದೆ. ನೋವಿಲ್ಲ. ಅಂಗಿ ಗುಂಡಿ ಹಾಕುವಾಗ ಬೆರಳಿಗೆ ಸಿಗುತ್ತದೆ. ನಿನಗೂ ಬಂದಿತ್ತಾ? ಬಂದಿದ್ದರೆ ಎಷ್ಟು ದಿನಕ್ಕೆ ಕರಗಿತು? ಡಾಕ್ಟರಮ್ಮ ಅದರ ಬಗ್ಗೆ ಏನಾದರೂ ಹೇಳಿದ್ದರಾ?

ಇಲ್ಲಿ ಆಸ್ಪತ್ರೆಗೆ ಹೋದರೆ ಮ್ಯಾನೇಜರಿಗೆ ಗೊತ್ತಾಗುತ್ತದೆ. ನಿನ್ನ ಉತ್ತರ ನೋಡಿಕೊಂಡು ಮುಂದೆ ನೋಡೋಣ ಅಂತ ಇದ್ದೇನೆ.

ಲಿಂಗರಾಜು


ಹೂಟಗಳ್ಳಿ
30 ಆಗಸ್ಟ್ 2024

ಬಾವ,

ನಿಮ್ಮ ಕಾಗದ ಓದಿ ನಾವು ಮೂವರೂ ನಕ್ಕಿದ್ದೇ ನಕ್ಕಿದ್ದು. ಹುಣಸೆಬೀಜಕ್ಕೆ ದಿನಾ ಎರಡು ಚೊಂಬು ನೀರು ಹಾಕಿ, ಚೆನ್ನಾಗಿ ಬೆಳೆಯಲಿ. ನಿಮ್ಮ ಬಾಯಿಗೆ ಹುಣಸೇಮರವೇ ಸರಿ. ಕಾಯಿ ಬಿಟ್ಟ ಮೇಲೆ ಒಂದು ಚೀಲ ನನಗೂ ಕಳಿಸಿ, ಗಾಡಿಯಲ್ಲಿಟ್ಟು ಮಾರುತ್ತೀನಿ. ಊಟಿ ಹುಣಸೆ ಅಂದರೆ ವಿಜಯನಗರದವರು ಮುಗಿಬೀಳುತ್ತಾರೆ. ದನಿ ಒಡೆದಿದೆಯಂತೆ, ಈ ವಯಸ್ಸಲ್ಲಿ ಮೀಸೆ ಮೂಡುವ ಕಾಲ ಬಂತಾ?

ನನ್ನ ಗಂಟಲು ಈಗ ಬಹಳ ವಾಸಿ. ಬಂದ ಎಂಜಲು ನುಂಗಿ ನುಂಗಿ ಅಭ್ಯಾಸ ಆಗಿದೆ. ಕ್ಯಾಕರಿಸಬೇಕು ಅನಿಸಿದಾಗ ನಿಮ್ಮನ್ನು ನೆನಸಿಕೊಳ್ಳುತ್ತೀನಿ, ಅದು ಹೆದರಿ ತಾನೇ ಒಳಕ್ಕೆ ಹೋಗುತ್ತೆ. ಎಲೆ ಅಡಿಕೆ ಬಿಟ್ಟಿದ್ದೇ ಕಷ್ಟ. ನೀವು ಬೀಡಿ ಬಿಟ್ಟಿರಾ, ಇಲ್ಲ ಸೌದೆ ಕೊಟ್ಟಿಗೆಗೆ ಸುಮ್ಮನೆ ಹೋಗಿ ಬರುತ್ತಿದ್ದೀರಾ?

ದಸರಾಕ್ಕೆ ಬನ್ನಿ. ದೀಪ ನೋಡೋಣ.

ಚೆಲುವರಾಜು


ಹೂಟಗಳ್ಳಿ
13 ಅಕ್ಟೋಬರ್ 2024

ಬಾವ,

ದಸರಾ ಮುಗಿಯಿತು. ನೀವೂ ಬರಲಿಲ್ಲ, ಕಾಗದವೂ ಬರಲಿಲ್ಲ. ಪುಟ್ಟತಾಯಿ ಒಬ್ಬಟ್ಟು ತೆಗೆದಿಟ್ಟು ಎರಡು ದಿನ ಕಾದಳು, ಆಮೇಲೆ ನಾನೇ ತಿಂದೆ. ಹುಣಸೆಬೀಜಕ್ಕೆ ಕೋಪ ಬಂತಾ? ನಮ್ಮ ಮಾತಿಗೆ ನೀವು ಕೋಪ ಮಾಡಿಕೊಂಡವರಲ್ಲ. ಮದುವೆ ದಿನ ನಿಮ್ಮ ಪಂಚೆ ಗಂಟು ಬಿಚ್ಚಿದಾಗಲೂ ನಕ್ಕವರು.

ಹಾಸ್ಟೆಲಿಗೆ ಫೋನು ಮಾಡೋಣ ಅಂದಳು ಪವಿತ್ರ. ಬೇಡ ಅಂದೆ. ಅಲ್ಲಿ ಹಬ್ಬಕ್ಕೆ ಮಕ್ಕಳು ಮನೆಗೆ ಹೋಗದೆ ಉಳಿದಿದ್ದರೆ ಒಲೆ ಮುಂದೆ ಬೆನ್ನು ನೆಟ್ಟಗೆ ಮಾಡುವುದಕ್ಕೂ ಆಗಲ್ಲ, ಅದಕ್ಕೇ ಬರೆದಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ಹೌದು ತಾನೇ? ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಚೆಲುವರಾಜು


ಊಟಿ
2 ನವೆಂಬರ್ 2024

ಚೆಲುವ,

ಕೋಪ ಇಲ್ಲ. ಬರೆಯುವುದಕ್ಕೆ ಏನೂ ತೋಚಲಿಲ್ಲ.

ನನ್ನನ್ನು ಒಲೆಯಿಂದ ತೆಗೆದಿದ್ದಾರೆ. ಕೆಮ್ಮಿದ್ದಕ್ಕಲ್ಲ. ಸಾರಿನ ರುಚಿ ನೋಡಬೇಕಾದರೆ ಒಂದು ಚಮಚ ನುಂಗಬೇಕಲ್ಲ, ಅದು ಆಗುತ್ತಿಲ್ಲ. ಉಪ್ಪು ಎರಡು ಸಲ ಬಿತ್ತು, ಮಕ್ಕಳು ತಟ್ಟೆ ಬಿಟ್ಟು ಎದ್ದರು. ಮ್ಯಾನೇಜರು ಬೈಯಲಿಲ್ಲ, ಗೇಟು ಕಾಯುವುದಕ್ಕೆ ಹಾಕಿದರು. ಅಂಗಿ ಎರಡು ಮೈ ದೊಡ್ಡದಾಗಿದೆ. ಗಂಜಿ ಕುಡಿಯುತ್ತೇನೆ.

ಕಫದಲ್ಲಿ ರಕ್ತ ಬರುತ್ತಿದೆ. ಮೊದಲು ಎಳೆ ಎಳೆ ಬರುತ್ತಿತ್ತು. ಹುಣಸೆಬೀಜ ಈಗ ನಿಂಬೆಹಣ್ಣು.

ಒಂದೇ ಮಾತು ಕೇಳುತ್ತೇನೆ. ನಿನ್ನ ಡಾಕ್ಟರಮ್ಮ ರಕ್ತದ ಬಗ್ಗೆ ಏನಾದರೂ ಹೇಳಿದ್ದರಾ? ಇಂಥದ್ದು ಕಂಡರೆ ಓಡಿ ಬರಬೇಕು ಅಂತ ಹೇಳಿದರು ಎಂದು ನೀನು ಮೊದಲ ಕಾಗದದಲ್ಲಿ ಬರೆದಿದ್ದೆ. ಎಂಥದ್ದು ಅಂತ ಬರೆದಿರಲಿಲ್ಲ. ಈ ಸಲ ತಮಾಷೆ ಬೇಡ ಕಣೋ.

ಲಿಂಗರಾಜು


ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್
8 ನವೆಂಬರ್ 2024

ಬಾವ,

ನಿಮ್ಮ ಕಾಗದ ನಿನ್ನೆ ಸಂಜೆ ಬಂತು. ನಾನು ಊಟಿಗೆ ಬರುತ್ತಾ ಇದ್ದೀನಿ. ಇದನ್ನು ನಾನೇ ನಿಮ್ಮ ಕೈಗೆ ಕೊಡುತ್ತೀನಿ. ಎದುರಿಗೆ ನಿಂತರೆ ನಿಮ್ಮ ಮುಖ ನೋಡಿ ನನ್ನ ಬಾಯಿಗೆ ಬೇರೆ ಏನಾದರೂ ಬಂದುಬಿಡುತ್ತೆ, ನಿಮಗೆ ಕೇಳಿಸುವುದೂ ಇಲ್ಲ. ಅದಕ್ಕೆ ಬಸ್ಸು ನಿಂತಾಗ ಬರೆಯುತ್ತಿದ್ದೀನಿ. ಪವಿತ್ರ ಪಕ್ಕದಲ್ಲಿಲ್ಲ, ಅಕ್ಷರ ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಡಾಕ್ಟರಮ್ಮ ಹೇಳಿದ್ದರು. ಕಫದಲ್ಲಿ ರಕ್ತ ಬಂದರೆ. ಕತ್ತಿನಲ್ಲಿ ಗಂಟು ಕಂಡರೆ, ನೋವಿಲ್ಲದಿದ್ದರೂ. ನುಂಗುವುದಕ್ಕೆ ಕಷ್ಟ ಆದರೆ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ. ಕಾರಣ ಇಲ್ಲದೆ ಮೈ ಇಳಿದರೆ. ಒಂದೇ ಕಿವಿ ನೋಯುತ್ತಿದ್ದರೆ. ಇದರಲ್ಲಿ ಒಂದಿದ್ದರೂ ಹುಳಿ ಅಂತ ಸುಮ್ಮನಿರಬಾರದು, ಆವತ್ತೇ ಬರಬೇಕು ಅಂದರು. ಬೀಡಿ ಸೇದುವವರಿಗೆ, ಎಲೆ ಅಡಿಕೆ ಹೊಗೆಸೊಪ್ಪು ಹಾಕುವವರಿಗೆ ಇನ್ನೂ ಮುಖ್ಯ ಅಂದರು. ಒಂದೊಂದಕ್ಕೂ ಒಂದೊಂದು ಬೆರಳು ಮಡಚಿ ತೋರಿಸಿದ್ದರು. ನನಗೆ ಇದ್ಯಾವುದೂ ಇರಲಿಲ್ಲ. ಅದಕ್ಕೆ ಬರೆಯಲಿಲ್ಲ.

ನೀವು ಒಂದೊಂದಾಗಿ ಎಲ್ಲವನ್ನೂ ಕೇಳಿದ್ದಿರಿ. ನಿನ್ನೆ ನಿಮ್ಮ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಮುದ್ದೆ, ಕಿವಿ, ದನಿ, ಗಂಟು. ಒಂದೊಂದಕ್ಕೂ ನಾನು ಬರೆದ ಉತ್ತರ ನನಗೆ ನೆನಪಿದೆ.

ನಮ್ಮ ಕಡೆ ಬಾವನ ಹತ್ತಿರ ಗಂಭೀರವಾಗಿ ಮಾತಾಡಿದರೆ ಜನ ಏನಂದುಕೊಳ್ಳುತ್ತಾರೆ ನಿಮಗೆ ಗೊತ್ತು. ಇಬ್ಬರಿಗೂ ಕೆಟ್ಟುಹೋಗಿದೆ ಅಂತಾರೆ. ನಮ್ಮಕ್ಕ ಹೋದ ದಿನವೂ ನಾನು ನಿಮ್ಮನ್ನು ಏನೋ ಒಂದು ಅಂದು ನಗಿಸಿದ್ದೆ. ಹುಣಸೆಬೀಜ ಅಂತ ನೀವು ಬರೆದಾಗ ಅದೂ ನಮ್ಮ ಮಾಮೂಲು ಅಂದುಕೊಂಡೆ. ನೀವು ಗಂಟು ಅಂತಲೇ ಬರೆದಿದ್ದರೆ, ಅಂತ ನಿನ್ನೆಯಿಂದ ನಾನು ನಿಮ್ಮ ಮೇಲೆ ತಪ್ಪು ಹೊರಿಸುವುದಕ್ಕೆ ನೋಡಿದೆ. ಆಗಲಿಲ್ಲ.

ಕಂಡಕ್ಟರು ಸೀಟಿ ಊದುತ್ತಿದ್ದಾನೆ. ಇದನ್ನು ಓದಿ ಬಟ್ಟೆ ಕಟ್ಟಿಕೊಳ್ಳಿ. ಮ್ಯಾನೇಜರಿಗೆ ಫೋನು ಮಾಡಿ ಹೇಳಿದ್ದೀನಿ. ನಾಳೆ ಬೆಳಿಗ್ಗೆ ನಾವಿಬ್ಬರೂ ಆ ಡಾಕ್ಟರಮ್ಮನ ಮುಂದೆ ಇರಬೇಕು.

ಚೆಲುವರಾಜು


ಮೈಸೂರು, ದೊಡ್ಡಾಸ್ಪತ್ರೆ
24 ನವೆಂಬರ್ 2024

ಬಾವ,

ನೀವು ಮಲಗಿದ್ದೀರಿ. ನಾನು ನಿಮ್ಮ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೀನಿ. ಇಷ್ಟು ಹತ್ತಿರ ಕೂತು ಯಾರೂ ಯಾರಿಗೂ ಕಾಗದ ಬರೆದಿರಲಾರರು.

ಬೆಳಿಗ್ಗೆ ಸ್ಲೇಟಿನ ಮೇಲೆ ಕೇಳಿದಿರಿ, ಡಾಕ್ಟರ್ ಏನಂದರು ಅಂತ. ನಾನು ಸ್ಲೇಟು ಇಸಿದುಕೊಂಡು, ನಿಮಗೆ ನರ್ಸಮ್ಮನ ಜೊತೆ ಮದುವೆ ಮಾಡಿಸಬೇಕಂತೆ ಅಂತ ಬರೆದೆ. ನೀವು ನಕ್ಕಿರಿ. ನಗುವಾಗ ಕತ್ತಿನ ತೂತಿನಿಂದ ಗಾಳಿ ಬಂತು, ಸದ್ದು ಬರಲಿಲ್ಲ. ಆಮೇಲೆ ನೀವು ನನ್ನ ಬರಹವನ್ನು ಅಂಗೈಯಿಂದ ಒರೆಸಿ ಅದೇ ಪ್ರಶ್ನೆಯನ್ನು ಮತ್ತೆ ಬರೆದಿರಿ. ನಾನು ನೀರು ತರುತ್ತೀನಿ ಅಂತ ಸನ್ನೆ ಮಾಡಿ ಎದ್ದು ಹೋದೆ.

ಈಗ ಬರೆಯುತ್ತೀನಿ. ಪೂರ್ತಿ ಬರೆಯುತ್ತೀನಿ.

ಗಂಟಲಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರಲ್ಲ, ಅದು ಕ್ಯಾನ್ಸರ್. ಗಂಟಲಲ್ಲಿ ಹುಟ್ಟಿ ಕತ್ತಿಗೆ ಬಂದಿದೆ, ಶ್ವಾಸಕೋಶದಲ್ಲೂ ಕಾಣಿಸುತ್ತಿದೆ ಅಂದರು. ಕೊಯ್ದು ತೆಗೆಯುವ ಹಾಗಿಲ್ಲ. ಉಸಿರು ಕಟ್ಟಬಾರದು ಅಂತ ಕತ್ತಿಗೆ ತೂತು ಮಾಡಿದ್ದಾರೆ, ಅದು ಹಾಗೇ ಇರುತ್ತೆ, ಮುಚ್ಚಲ್ಲ. ಮೂಗಿನ ನಳಿಕೆಯಿಂದಲೇ ಗಂಜಿ. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದರೆ ಗಂಟು ಸ್ವಲ್ಪ ಇಳಿಯಬಹುದು, ನೋವು ಕಮ್ಮಿಯಾಗಬಹುದು. ವಾಸಿಯಾಗುತ್ತಾ ಅಂತ ಕೇಳಿದೆ. ಇಲ್ಲ ಅಂದರು. ಎಷ್ಟು ದಿನ ಅಂತ ಕೇಳಿದೆ. ಕೆಲವು ತಿಂಗಳು, ಅಷ್ಟು ಸಿಗುತ್ತೆ ಅಂತಲೂ ಮಾತು ಕೊಡಲ್ಲ ಅಂದರು.

ಜೂನಿನಲ್ಲಿ ಬಂದಿದ್ದರೆ ಅಂತಲೂ ಕೇಳಿದೆ. ಅದನ್ನು ಕೇಳಬಾರದಿತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಹೇಳಿದ್ದು ಇಷ್ಟೇ, "ಆಗ ಮಾಡೋಕೆ ಇನ್ನೂ ಏನಾದ್ರೂ ಇರ್ತಿತ್ತು ಚೆಲುವರಾಜು ಅವರೇ." ನನ್ನ ಗಂಟಲಿಗೆ ದೀಪ ಬಿಟ್ಟು ನೋಡಿದವರು ಅವರೇ ಅಲ್ಲವಾ. ಒಳಗೆ ಏನಿದೆ ಅಂತ ಅವರಿಗೆ ಗೊತ್ತಾಯಿತು ಅನಿಸುತ್ತೆ. ನನಗೆ ಕುಡಿಯುವುದಕ್ಕೆ ಒಂದು ಲೋಟ ನೀರು ಕೊಡಿಸಿದರು.

ಕರೆಂಟು ಕೊಡಿಸುವುದಾ ಬೇಡವಾ ಅಂತ ನೀವು ಹೇಳಬೇಕು. ನಾಳೆ ಬೆಳಿಗ್ಗೆ ಕೇಳುತ್ತಾರೆ. ಪುಟ್ಟತಾಯಿ ಕೊಡಿಸೋಣ ಅಂತಾಳೆ. ಪವಿತ್ರ, ಮಾವನಿಗೆ ಇನ್ನು ನೋವು ಬೇಡ ಅಂತಾಳೆ. ನನ್ನನ್ನು ಕೇಳಿದರು, ಬಾವನನ್ನೇ ಕೇಳಬೇಕು ಅಂದೆ. ನಿಮ್ಮ ಗಂಟಲಿನ ವಿಷಯದಲ್ಲಿ ನಾನು ಒಂದು ಸಲ ತೀರ್ಮಾನ ಹೇಳಿದ್ದು ಸಾಕು. ಬೇಡ ಅಂತ ನೀವು ಬರೆದರೆ ಹೂಟಗಳ್ಳಿಗೆ ಕರೆದುಕೊಂಡು ಹೋಗುತ್ತೀನಿ. ಬೇಕು ಅಂದರೆ ದಿನಾ ನಾನೇ ಇಲ್ಲಿಗೆ ಕರೆದುಕೊಂಡು ಬರುತ್ತೀನಿ. ತೂತನ್ನು ತೊಳೆಯುವುದು, ಒಳಗೆ ಕಟ್ಟಿದ ಕಫವನ್ನು ನಳಿಕೆ ಹಾಕಿ ಎಳೆಯುವುದು ನರ್ಸಮ್ಮ ಕಲಿಸಿದ್ದಾರೆ. ಮೊದಲನೇ ಸಲ ನೀವೇ ನನ್ನ ಮಣಿಕಟ್ಟು ಹಿಡಿದುಕೊಂಡಿರಿ. ಈಗ ಬರುತ್ತೆ.

ಇನ್ನೊಂದು ಮಾತು ಬರೆಯಬೇಕು ಅಂತಲೇ ಇಷ್ಟು ಹೊತ್ತು ಕೂತಿದ್ದೀನಿ, ಅದು ಪೆನ್ನಿಗೆ ಬರುತ್ತಿಲ್ಲ. ನಿಮ್ಮ ಹತ್ತಿರ ನಾನು ಒಂದು ಸಲವೂ ಅಂಥ ಮಾತು ಆಡಿದವನಲ್ಲ, ಹೇಗೆ ಶುರು ಮಾಡುವುದು ಅಂತ ಗೊತ್ತಾಗುತ್ತಿಲ್ಲ. ನಮ್ಮಕ್ಕನನ್ನು ನೀವು ನೋಡಿಕೊಂಡ ರೀತಿ ನಾನು ನೋಡಿದ್ದೀನಿ. ಅವಳು ಹೋದ ಮೇಲೆ ನೀವು ಬೇರೆ ಮದುವೆ ಆಗಲಿಲ್ಲ, ನಮ್ಮನ್ನು ಬಿಡಲೂ ಇಲ್ಲ. ಬಾಮೈದ ಅಂತ

ನೀವು ಎದ್ದಿರಿ. ನಾನು ಬರೆಯುವುದನ್ನೇ ನೋಡುತ್ತಿದ್ದೀರಿ.

ಪುಟ್ಟತಾಯಿ ಕ್ಯಾರಿಯರ್ ತಂದಿದ್ದಾಳೆ. ವಾರ್ಡಿನೊಳಗೆ ಉಣ್ಣಲು ಬಿಡುವುದಿಲ್ಲ, ಬಾಗಿಲಲ್ಲೇ ನಿಂತು, "ಬನ್ರೀ, ಮುದ್ದೆ ಆರೋಯ್ತದೆ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು" ಅಂತ ಕರೆಯುತ್ತಿದ್ದಾಳೆ. ನನಗೆ ಹಸಿವಿಲ್ಲ ಅಂತ ಕೈಯಾಡಿಸಿದೆ. ಅವಳ ಕೂಗು ನಿಮಗೆ ಕೇಳಲಿಲ್ಲ, ಆದರೆ ಕ್ಯಾರಿಯರ್ ಕಂಡಿತು. ಈಗ ನೀವು ಒಂದು ಕೈಯನ್ನು ಈ ಹಾಳೆಗೆ ಚಾಚಿ, ಇನ್ನೊಂದು ಕೈಯಲ್ಲಿ ಹೋಗು, ಹೋಗಿ ಉಣ್ಣು ಅಂತ ಬಾಗಿಲು ತೋರಿಸುತ್ತಿದ್ದೀರಿ.

ಕೊಡುತ್ತೀನಿ ಬಾವ. ನೀವು ಓದುತ್ತಿರಿ. ನಾನು ಉಂಡು ಬರುತ್ತೀನಿ.